ಬೆಣ್ಣೆ ಹಾಕದ ಬೆಣ್ಣೆ ದೋಸೆ ಕೇಳಿದ ಹುಡುಗಿ

ಹೆಸರು ಸುಧಾ ಅಂತ ಇಟ್ಟುಕೊಳ್ಳೋಣ. ನಿಜವಾದ ಹೆಸರು ಅದಲ್ಲ, ಗುರುತು ಸಿಗುವಂಥ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಬರೆಯೋಕೆ ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ವಯಸ್ಸು 26, ಎಂ.ಕಾಂ. ಮುಗಿದಿದೆ, ದಾವಣಗೆರೆಯವರೇ. ಅಪ್ಪನದು ಸಣ್ಣದೊಂದು ಮಂಡಕ್ಕಿ ಭಟ್ಟಿ. ಆಡಿಟರ್ ಒಬ್ಬರ ಆಫೀಸಿನಲ್ಲಿ ಎರಡು ವರ್ಷ ಕೆಲಸ ಮಾಡಿ, ಸಂಬಳ ಸಾಲದೆ ಬಿಟ್ಟಿದ್ದರು.

ಸಲಹೆಗೆ ಅಂತ ನನ್ನ ಹತ್ತಿರ ಮೊದಲ ದಿನ ಬಂದವರು ಜಾಸ್ತಿ ಮಾತಾಡಲಿಲ್ಲ. ಲ್ಯಾಪ್‌ಟಾಪ್ ತೆರೆದು ನನ್ನ ಕಡೆ ತಿರುಗಿಸಿದರು. ಡ್ರಾಫ್ಟ್‌ನಲ್ಲಿ 31 ಮೇಲ್. ಎಲ್ಲದಕ್ಕೂ ರೆಸ್ಯೂಮ್ ಸೇರಿಸಿದೆ, ಕಂಪನಿ ಹೆಸರಿದೆ, ಕೊನೆಗೆ ಥ್ಯಾಂಕ್ಸ್ ಕೂಡ ಇದೆ. ಕಳಿಸಿಲ್ಲ, ಅಷ್ಟೇ. ಹನ್ನೊಂದು ತಿಂಗಳಿಂದ ಹೀಗೇ. ಮನೆಯಲ್ಲಿ ಮಾತ್ರ "ಅರ್ಜಿ ಹಾಕೀನಿ, ಉತ್ತರ ಬಂದಿಲ್ಲ" ಅಂತ ಹೇಳಿಕೊಂಡು ಬಂದಿದ್ದರು. ಅಮ್ಮ ಪಾಪ ದುಗ್ಗಮ್ಮನಿಗೆ ಹರಕೆ ಹೊತ್ತು ಕೂತಿದ್ದರು.

ಇದಕ್ಕೆಲ್ಲ ಶುರು ಬೆಂಗಳೂರಿನ ಒಂದು ಇಂಟರ್‌ವ್ಯೂ. ರಾತ್ರಿ ರೈಲಿಗೆ ಹೋಗಿ, ಸ್ಟೇಷನ್ನಿನಲ್ಲೇ ಮುಖ ತೊಳೆದುಕೊಂಡು, ಸೀರೆ ಸರಿ ಮಾಡಿಕೊಂಡು ಒಳಗೆ ಹೋಗಿದ್ದಾರೆ. ಇಂಗ್ಲಿಷ್‌ನಲ್ಲಿ ಒಂದು ವಾಕ್ಯ ಅರ್ಧಕ್ಕೆ ನಿಂತಿದೆ. ಎದುರಿಗೆ ಕೂತಿದ್ದ ಇಬ್ಬರು ಮುಖ ಮುಖ ನೋಡಿಕೊಂಡು ಸಣ್ಣಗೆ ನಕ್ಕಿದ್ದಾರೆ. ಕೆಲಸ ಸಿಗಲಿಲ್ಲ ಅನ್ನೋದನ್ನ ಸುಧಾ ಒಂದೇ ಮಾತಲ್ಲಿ ಹೇಳಿ ಮುಗಿಸಿದರು, ಆ ನಗುವಿನ ಬಗ್ಗೆ ಮಾತ್ರ ಇಪ್ಪತ್ತು ನಿಮಿಷ ಹೇಳಿದರು.

"ಮೇಲ್ ಕಳಿಸೋ ಮುಂಚೆ ಏನಾಗುತ್ತೆ?" ಅಂತ ಕೇಳಿದೆ.

"ಎದಿ ಡವಡವ ಅಂತದ ಮೇಡಂ, ಅಂಗೈ ಬೆವರ್ತದ."

"ಲ್ಯಾಪ್‌ಟಾಪ್ ಮುಚ್ಚಿದ ಮೇಲೆ?"

ಸ್ವಲ್ಪ ಯೋಚನೆ ಮಾಡಿ "ಹಗುರ ಆಗ್ತದ" ಅಂದರು.

ಗಂಟು ಇದ್ದದ್ದು ಇಲ್ಲಿ. ಭಯಕ್ಕಿಂತ ಈ ಹಗುರವೇ ಜಾಸ್ತಿ ತೊಂದರೆ ಕೊಡೋದು. ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿ ಮನಸ್ಸಿಗೆ ಬಹುಮಾನದ ಥರ, ಒಮ್ಮೆ ಸಿಕ್ಕರೆ ಮುಂದಿನ ಸಲವೂ ತಪ್ಪಿಸಿಕೊಳ್ಳೋಣ ಅನ್ನಿಸುತ್ತೆ, ಹಾಗೆ ಮಾಡ್ತಾ ಮಾಡ್ತಾ ಭಯ ಬಲಿಯುತ್ತೆ, ಯಾಕೆಂದರೆ ಅದು ಸುಳ್ಳು ಅಂತ ಗೊತ್ತಾಗೋಕೆ ನಾವು ಅವಕಾಶವನ್ನೇ ಕೊಟ್ಟಿರಲ್ಲ.

"ನಾನೇ ಜಾಸ್ತಿ ಸೆನ್ಸಿಟಿವ್ ಅಲ್ವಾ ಮೇಡಂ?" ಅಂತ ಕೇಳಿದರು. ಇಲ್ಲ. 2003ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ದರು. ಕಂಪ್ಯೂಟರಿನಲ್ಲಿ ಚೆಂಡು ಎಸೆಯುವ ಆಟ, ನಡುವೆ ಬೇಕಂತಲೇ ಒಬ್ಬರಿಗೆ ಚೆಂಡು ಕೊಡೋದನ್ನ ನಿಲ್ಲಿಸಿ ಅವರ ಮೆದುಳಿನ ಸ್ಕ್ಯಾನ್ ನೋಡಿದರು. ಮೈಗೆ ನೋವಾದಾಗ ಚುರುಕಾಗುವ ಒಂದು ಭಾಗ ಆಗಲೂ ಚುರುಕಾಗಿತ್ತು. ಪುಕ್ಕಟೆ ಚೆಂಡಾಟಕ್ಕೇ ಹೀಗಾದರೆ, ಕೆಲಸದ ವಿಷಯದಲ್ಲಿ ನೋವಾಗದೆ ಇರುತ್ತಾ?

ಆಮೇಲೆ ನಾನೊಂದು ತಪ್ಪು ಮಾಡಿದೆ. "ನಿಮ್ಮ ಅಪ್ಪ ಹತ್ತು ಅಂಗಡಿಗೆ ಮಂಡಕ್ಕಿ ತಗೊಂಡು ಹೋದರೆ ನಾಲ್ಕು ಕಡೆ ಬೇಡ ಅಂತಾರಲ್ವಾ, ಅವರು ಮಾರನೇ ದಿನ ಹೋಗಲ್ವಾ?" ಅಂದುಬಿಟ್ಟೆ. ಭಾರೀ ಉದಾಹರಣೆ ಕೊಟ್ಟೆ ಅಂತ ನನಗೇ ಖುಷಿಯಾಗಿತ್ತು. ಸುಧಾ ತಟ್ಟನೆ ಹೇಳಿದರು: "ಅವ್ರು ಮಂಡಕ್ಕಿ ಬ್ಯಾಡ ಅಂತಾರ ಮೇಡಂ, ಅಪ್ಪನ್ನಲ್ಲ. ಇಲ್ಲಿ ನನ್ನನ್ನೇ ಬ್ಯಾಡ ಅನ್ನೋದು." ಏನು ಹೇಳಬೇಕೋ ಆ ಕ್ಷಣ ತೋಚಲಿಲ್ಲ.

ದಾರಿ ಸಿಕ್ಕಿದ್ದು ಮುಂದಿನ ವಾರ, ಅವರ ಬಾಯಿಂದಲೇ. ಆಡಿಟರ್ ಆಫೀಸಿನಲ್ಲಿದ್ದಾಗ ಒಬ್ಬ ಸಹಾಯಕ ಬೇಕಾಗಿ ಏಳು ಅರ್ಜಿ ಬಂದಿದ್ದವಂತೆ, ನೋಡಿ ಒಬ್ಬರನ್ನ ಆರಿಸುವ ಕೆಲಸ ಸುಧಾಗೇ ಬಂದಿತ್ತಂತೆ. ಉಳಿದ ಆರು ಜನ ಯಾರು ಅಂತ ಕೇಳಿದೆ. ಒಂದು ಹೆಸರೂ ನೆನಪಿಗೆ ಬರಲಿಲ್ಲ. ಯಾಕೆ ಬೇಡ ಅಂದಿರಿ ಅಂದರೆ, ಒಬ್ಬ ಹರಿಹರದಿಂದ ಬರಬೇಕಿತ್ತು, ತಡ ಆಗುತ್ತೆ ಅಂತ. ಇನ್ನೊಬ್ಬಳು ಸಂಬಳ ಜಾಸ್ತಿ ಕೇಳಿದಳು. ಮತ್ತೊಬ್ಬನ ಅರ್ಜಿ ಸಂಜೆ ಬಂತು, ಅಷ್ಟರಲ್ಲಿ ಆಯ್ಕೆ ಮುಗಿದಿತ್ತು. "ಅವರನ್ನ ನೋಡಿ ನಕ್ಕಿದ್ರಾ? ಇವರು ಯಾವುದಕ್ಕೂ ಬಾರದವರು ಅಂದುಕೊಂಡಿದ್ರಾ?" "ಇಲ್ಲ ಮೇಡಂ, ಅಷ್ಟು ಪುರುಸೊತ್ತು ಎಲ್ಲಿತ್ತು" ಅಂದವರು ಸುಮ್ಮನಾದರು. ನಾನೂ ಅದನ್ನ ಬಿಡಿಸಿ ಹೇಳೋಕೆ ಹೋಗಲಿಲ್ಲ.

ಆದರೆ ತಲೆಗೆ ಹೊಳೆದದ್ದು ಮೈಗೆ ಇಳಿಯೋಕೆ ಅಭ್ಯಾಸ ಬೇಕು. ಆಲ್ಬರ್ಟ್ ಎಲ್ಲಿಸ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಇದ್ದರು. 19ನೇ ವಯಸ್ಸಿನಲ್ಲಿ ಅವರಿಗೆ ಹುಡುಗಿಯರ ಹತ್ತಿರ ಮಾತಾಡೋಕೆ ಭಯ. ನ್ಯೂಯಾರ್ಕ್‌ನ ಒಂದು ಸಸ್ಯೋದ್ಯಾನದಲ್ಲಿ ಒಂದೇ ತಿಂಗಳಲ್ಲಿ ನೂರು ಜನರ ಜೊತೆ ಬಲವಂತವಾಗಿ ಮಾತು ಶುರು ಮಾಡಿದರಂತೆ. ಮತ್ತೆ ಭೇಟಿಯಾಗೋಕೆ ಒಪ್ಪಿದವರು ಒಬ್ಬರೇ, ಅವರೂ ಬರಲಿಲ್ಲ. ಆದರೆ ಭಯ ಹೋಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಹುಡುಗಿಯರಿಗೆ ಎಷ್ಟು ಕಿರಿಕಿರಿ ಆಯಿತೋ ದೇವರೇ ಬಲ್ಲ! ನಾವು ಯಾರಿಗೂ ತೊಂದರೆಯಾಗದ ದಾರಿ ಹುಡುಕಿದೆವು. ದಾವಣಗೆರೆಯ ಹೋಟೆಲಿಗೆ ಹೋಗಿ "ಬೆಣ್ಣೆ ಹಾಕದೆ ಒಂದು ಬೆಣ್ಣೆ ದೋಸೆ ಕೊಡ್ರಿ" ಅಂತ ಕೇಳೋದು. ರಶ್ ಇಲ್ಲದ ಹೊತ್ತಲ್ಲಿ.

ಸುಧಾ ಹೋದರು. ಹಂಚಿನ ಮುಂದೆ ನಿಂತಿದ್ದ ಹಿರಿಯರು ಕೈಯಲ್ಲಿದ್ದ ಬೆಣ್ಣೆ ಹಾಗೇ ಹಿಡಿದುಕೊಂಡು ಇವರನ್ನ ಮೇಲಿಂದ ಕೆಳಗೆ ನೋಡಿ, "ಅದನ್ನ ತಿನ್ನಾಕ ಇಲ್ಲೀತನ ಯಾಕ್ ಬಂದ್ಯವ್ವಾ?" ಅಂದರಂತೆ. ಪಕ್ಕದ ಟೇಬಲ್ಲಿನವರು ನಕ್ಕರು. ಕಿವಿ ಬಿಸಿಯಾಯಿತು. ಎರಡು ನಿಮಿಷಕ್ಕೆ ಅವರೆಲ್ಲ ತಮ್ಮ ತಟ್ಟೆ ನೋಡಿಕೊಂಡರು.

ಆಮೇಲೆ ಕೊಟ್ಟ ಸಲಹೆ ಇಷ್ಟು. ಮಂಗಳವಾರ, ಶುಕ್ರವಾರ ಬೆಳಗ್ಗೆ ಎರಡೆರಡು ಅರ್ಜಿ ಕಳಿಸಿ, ಒಂದಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಬೇಡ, ತಿದ್ದುತ್ತಾ ಕೂರುವುದೂ ತಪ್ಪಿಸಿಕೊಳ್ಳುವ ಒಂದು ದಾರಿಯೇ. ಕಳಿಸಿದ ಮೇಲೆ ಎದ್ದು ಹೊರಗೆ ಓಡಾಡಿ. ಎಷ್ಟು ಕಳಿಸಿದೆ ಅನ್ನೋದನ್ನ ಮಾತ್ರ ಎಣಿಸಿ, ಉತ್ತರ ನಿಮ್ಮ ಕೈಯಲ್ಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ "ಏನಾಗುತ್ತೆ ಅಂತ ಹೆದರಿದೆ", ಬಲಕ್ಕೆ "ಏನಾಯಿತು" ಅಂತ ಬರೆಯಿರಿ. ಇಂಗ್ಲಿಷ್ ನಿಜಕ್ಕೂ ತೊಡಕಾಗಿದ್ದರೆ ದಿನಾ ಹತ್ತು ನಿಮಿಷ ನಿಮ್ಮ ಕೆಲಸದ ಬಗ್ಗೆ ಜೋರಾಗಿ ಮಾತಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ಎಲ್ಲವೂ ಬರೀ ಭಯ ಅಂತ ಸುಳ್ಳು ಸಮಾಧಾನ ಬೇಡ. ಮನೆಯಲ್ಲಿ ನಿಜ ಹೇಳಿ. ಇದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಹೇಳಿದಾಗ ಅಮ್ಮ ಒಂದು ದಿನ ಮಾತು ಬಿಟ್ಟರು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ವಾರಗಟ್ಟಲೆ ನಿದ್ದೆ, ಊಟ ಸೇರದಿದ್ದರೆ, ಬದುಕೋದೇ ಬೇಡ ಅನ್ನಿಸಿದರೆ ನೋಟ್‌ಬುಕ್ ಸಾಲದು, ಮನೋವೈದ್ಯರನ್ನ ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ.

ಎಂಟು ವಾರಕ್ಕೆ 29 ಅರ್ಜಿ ಹೋದವು. ಇಪ್ಪತ್ತಕ್ಕೆ ಉತ್ತರವೇ ಇಲ್ಲ, ಆರು ಕಡೆ ಬೇಡ ಅಂದರು, ಮೂರು ಕಡೆ ಕರೆದರು. ಎರಡು ಇಂಟರ್‌ವ್ಯೂ ಮುಗಿದಿವೆ. ಮೊನ್ನೆ ಬುಧವಾರ ಎರಡನೆಯದರ ಉತ್ತರ ಬಂದ ದಿನ ವಾಟ್ಸಾಪಿನಲ್ಲಿ ಮೆಸೇಜ್ ಹಾಕಿದ್ದರು: "ಇದೂ ಆಗ್ಲಿಲ್ಲ ಮೇಡಂ. ಮಧ್ಯಾಹ್ನ ತನಕ ಅತ್ತೆ. ಈಗ ದೋಸೆ ತಿನ್ನಾಕ ಬಂದೀನಿ, ಬೆಣ್ಣೆ ಹಾಕಿಸ್ಕೊಂಡು. ಅವ್ರು ಗುರ್ತು ಹಿಡಿದು ನಕ್ಕರು. ಶುಕ್ರವಾರದ್ದು ಎರಡು ರೆಡಿ ಅದಾವ."