ಅಡಿಕೆ ಸುಲಿಯುವ ಯಂತ್ರದ ಬೆಲ್ಟ್ ಬಿಚ್ಚಿದರೂ ಅದರ 3 ಎಚ್‌ಪಿ ಮೋಟಾರ್ 2 ಆಂಪಿಯರ್ ಎಳೆಯುವುದು ಯಾಕೆ?

ಮೋಟಾರ್ ಕೆಟ್ಟಿಲ್ಲ. ಆ ಕರೆಂಟಿನ ಬಹುಪಾಲು ಹೋಗುವುದು ಒಳಗೆ ಕಾಂತಕ್ಷೇತ್ರ ಹುಟ್ಟಿಸಲು. ಇಂಥ ಯಂತ್ರಕ್ಕೆ ಹಾಕುವ ಇಂಡಕ್ಷನ್ ಮೋಟಾರಿನಲ್ಲಿ ಕಾಯಂ ಅಯಸ್ಕಾಂತ ಇರುವುದಿಲ್ಲ. ಲೋಡ್ ಇರಲಿ ಬಿಡಲಿ, ಸುರುಳಿಗಳೇ ಆ ಕಾಂತಕ್ಷೇತ್ರವನ್ನು ಕರೆಂಟಿನಿಂದ ಮಾಡಿಕೊಳ್ಳಬೇಕು.

ಇಷ್ಟು ಜಾಸ್ತಿ ಯಾಕೆಂದರೆ, ತಿರುಗುವ ರೋಟರಿಗೂ ಸುತ್ತಲಿನ ಸ್ಟೇಟರಿಗೂ ನಡುವೆ ಸಣ್ಣ ಗಾಳಿಸಂದು ಇದೆ. ಕಬ್ಬಿಣದಲ್ಲಿ ಸಲೀಸಾಗಿ ಹರಿಯುವ ಕಾಂತಬಲಕ್ಕೆ ಆ ಕೂದಲೆಳೆಯಷ್ಟು ಗಾಳಿ ದಾಟುವುದೇ ಕಷ್ಟ. ಹಾಗಾಗಿ ಪೂರ್ತಿ ಲೋಡಿನ ಕರೆಂಟಿನಲ್ಲಿ ಶೇ 30ರಿಂದ 50ರಷ್ಟು ಇದಕ್ಕೇ ಬೇಕು. ಶಿರಸಿ ಕಡೆ ಅಡಿಕೆ ಸುಲಿಯುವ ಯಂತ್ರಕ್ಕೆ ಹಾಕುವ 3 ಎಚ್‌ಪಿ ತ್ರೀ ಫೇಸ್ ಮೋಟಾರು ಪೂರ್ತಿ ಲೋಡಿಗೆ ಸುಮಾರು 5 ಆಂಪಿಯರ್ ಎಳೆಯುತ್ತದೆ. ಹಾಗಾಗಿ ಕ್ಲ್ಯಾಂಪ್ ಮೀಟರ್ (ತಂತಿಯನ್ನು ಹೊರಗಿನಿಂದ ಹಿಡಿದು ಕರೆಂಟ್ ಅಳೆಯುವ ಸಾಧನ) ತೋರಿಸುವ 2 ಆಂಪಿಯರ್ ಸರಿಯಾಗೇ ಇದೆ.

ಬಿಲ್ಲಿನ ಚಿಂತೆಯೇ? ಕಾಂತಕ್ಷೇತ್ರಕ್ಕೆಂದು ಈ ಕರೆಂಟ್ ಹೊತ್ತೊಯ್ದ ಶಕ್ತಿ ಕ್ಷಣದಲ್ಲೇ ಲೈನಿಗೆ ವಾಪಸ್ಸಾಗುತ್ತದೆ. ಯೂನಿಟ್ ಓಡುವುದು ಬೇರಿಂಗ್ ಉಜ್ಜಾಟ, ಫ್ಯಾನಿನ ಗಾಳಿ, ಸುರುಳಿ-ಕಬ್ಬಿಣದ ಬಿಸಿಗೆ ಮಾತ್ರ.