ಓದುಗರ ಪ್ರಶ್ನೆ: ಫುಲ್ ಎಚ್‌ಡಿ ಟಿವಿ ಸಾಕೇ, 4ಕೆ ಬೇಕೇ?

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ, ವಿಜಯಪುರದಲ್ಲಿ ನೆಲೆಸಿದ್ದೇನೆ. ಹಳೆಯ ಟಿವಿ ಕೆಟ್ಟಿದೆ. ಅಂಗಡಿಯಲ್ಲಿ ಒಂದೇ ಕಂಪನಿಯ ಎರಡು 43 ಇಂಚಿನ ಟಿವಿಗಳನ್ನು ತೋರಿಸಿದರು. ಒಂದು ಎರಡು ವರ್ಷ ಹಿಂದಿನ ಫುಲ್ ಎಚ್‌ಡಿ ಮಾದರಿ. ಇನ್ನೊಂದು ಈ ವರ್ಷದ 4ಕೆ ಮಾದರಿ, ಬೆಲೆ ಆರು ಸಾವಿರ ರೂಪಾಯಿ ಹೆಚ್ಚು. ನಾವು ಪಡಸಾಲೆಯಲ್ಲಿ ಟಿವಿಯಿಂದ ಸುಮಾರು ಒಂಬತ್ತು ಅಡಿ ದೂರ ಕೂರುತ್ತೇವೆ. ಡಿಟಿಎಚ್‌ನ ಸಾಮಾನ್ಯ ಕನ್ನಡ ಪ್ಯಾಕ್ ಇದೆ; ಸುದ್ದಿ, ಚಂದನ, ಧಾರಾವಾಹಿ, ಕ್ರಿಕೆಟ್ ನೋಡುತ್ತೇವೆ. ಮೊಮ್ಮಕ್ಕಳು ರಜೆಗೆ ಬಂದಾಗ ಯೂಟ್ಯೂಬ್ ಹಾಕುತ್ತಾರೆ. ಪತ್ನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದ್ದು, ಪರದೆಯ ಕೆಳಗೆ ಓಡುವ ಸುದ್ದಿಯ ಅಕ್ಷರ ಓದಲು ಕಷ್ಟವಾಗುತ್ತದೆ. ಈಗ ಫುಲ್ ಎಚ್‌ಡಿ ಕೊಂಡರೆ ಬೇಗನೆ ಹಳೆಯದಾಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಏನು ಮಾಡುವುದು?

ಉತ್ತರ: ತಾವು ಬರೆದ ವಿವರಗಳನ್ನೆಲ್ಲ ನೋಡಿದರೆ ತಮ್ಮ ಮನೆಗೆ ಫುಲ್ ಎಚ್‌ಡಿ ಸಾಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಆ ಹಳೆಯ ಮಾದರಿಯನ್ನು ಕಣ್ಣುಮುಚ್ಚಿ ಕೊಳ್ಳಬಾರದು. ಅದಕ್ಕೆ ಕೆಲವು ಪರೀಕ್ಷೆಗಳಿವೆ.

ಮೊದಲು ಕಣ್ಣಿನ ಲೆಕ್ಕವನ್ನು ನೋಡೋಣ. ಟಿವಿಯ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಚುಕ್ಕೆಗಳಿಂದ ಆಗುತ್ತದೆ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080, ಒಟ್ಟು ಸುಮಾರು 20.7 ಲಕ್ಷ ಚುಕ್ಕೆಗಳಿದ್ದರೆ, 4ಕೆ ಪರದೆಯಲ್ಲಿ ಅಡ್ಡಕ್ಕೆ 3,840, ಉದ್ದಕ್ಕೆ 2,160, ಒಟ್ಟು ಸುಮಾರು 83 ಲಕ್ಷ, ಅಂದರೆ ಸರಿಯಾಗಿ ನಾಲ್ಕು ಪಟ್ಟು ಇರುತ್ತವೆ. ಅಂಗಡಿಯವರು ಒತ್ತಿ ಹೇಳುವುದು ಈ ನಾಲ್ಕು ಪಟ್ಟನ್ನೇ. ಆದರೆ ನೇತ್ರವೈದ್ಯರು 6/6 ಎಂದು ಬರೆದುಕೊಡುವ ಒಳ್ಳೆಯ ದೃಷ್ಟಿಯೂ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕಿಂತ ಕಿರಿದಾದ ಅಂತರವನ್ನು ಬಿಡಿಸಿ ನೋಡಲಾರದು. ಒಂಬತ್ತು ಅಡಿ ದೂರದಲ್ಲಿ ಈ ಅಳತೆ ಸುಮಾರು 0.8 ಮಿಲಿಮೀಟರ್ ಆಗುತ್ತದೆ. 43 ಇಂಚಿನ ಟಿವಿಯ ಅಗಲ ಸುಮಾರು 95 ಸೆಂಟಿಮೀಟರ್. ಹಾಗಾಗಿ ತಾವು ಕೂರುವ ಜಾಗದಿಂದ ಕಣ್ಣು ಆ ಅಗಲದಲ್ಲಿ ಬೇರೆಬೇರೆಯಾಗಿ ಗುರುತಿಸಬಲ್ಲ ಚುಕ್ಕೆಗಳು ಸುಮಾರು 1,200 ಮಾತ್ರ. ಫುಲ್ ಎಚ್‌ಡಿಯ 1,920 ಚುಕ್ಕೆಗಳೇ ಅಲ್ಲಿಂದ ಪೂರ್ತಿ ಕಾಣುವುದಿಲ್ಲ. 3,840 ಇದ್ದು ಆಗಬೇಕಾದ್ದೇನು? ಆ ಪರದೆಯ ಫುಲ್ ಎಚ್‌ಡಿ ಚುಕ್ಕೆಗಳು ಕಣ್ಣಿಗೆ ಬಿಡಿಬಿಡಿಯಾಗಿ ಕಾಣಬೇಕಾದರೆ ಐದೂವರೆ ಅಡಿಗಿಂತ ಹತ್ತಿರ ಬರಬೇಕು. ಕೆಲವರ ದೃಷ್ಟಿ 6/6ಕ್ಕಿಂತ ಚುರುಕಾಗಿರುತ್ತದೆ, ಅವರಿಗೆ ಇನ್ನೂ ಸ್ವಲ್ಪ ದೂರದಿಂದ ಕಾಣಬಹುದು. ಆದರೂ ಒಂಬತ್ತು ಅಡಿ ಬಹಳ ದೂರವಾಯಿತು.

ಎರಡನೆಯದು, ಟಿವಿಯೊಳಗೆ ಬರುವ ಚಿತ್ರದ ಗುಣಮಟ್ಟ. ಇದೇ ಮುಖ್ಯ ವಿಷಯವಾದರೂ ಅಂಗಡಿಯಲ್ಲಿ ಇದರ ಮಾತೇ ಬರುವುದಿಲ್ಲ. ಎಚ್‌ಡಿ ಅಲ್ಲದ ಸಾಮಾನ್ಯ ವಾಹಿನಿ ಕಳುಹಿಸುವ ಚಿತ್ರ ಹೆಚ್ಚೆಂದರೆ 720 ಅಡ್ಡ, 576 ಉದ್ದ, ಅಂದರೆ ನಾಲ್ಕು ಲಕ್ಷ ಚುಕ್ಕೆಗಳ ಆಸುಪಾಸಿನದು. ಅದನ್ನೂ ಉಪಗ್ರಹದಲ್ಲಿ ಹೆಚ್ಚು ವಾಹಿನಿಗಳನ್ನು ಹಿಡಿಸುವ ಸಲುವಾಗಿ ಸಾಕಷ್ಟು ಕುಗ್ಗಿಸಿರುತ್ತಾರೆ. ಆ ಚಿತ್ರವನ್ನು 4ಕೆ ಪರದೆಯ ತುಂಬ ಹರಡಬೇಕಾದರೆ ಟಿವಿಯು ತನ್ನ ಊಹೆಯಿಂದ ಒಂದು ಚುಕ್ಕೆಯನ್ನು ಇಪ್ಪತ್ತು ಮಾಡಬೇಕಾಗುತ್ತದೆ. ದುಬಾರಿ ಟಿವಿಗಳ ಪ್ರೊಸೆಸರ್ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ, ಕಡಿಮೆ ಬೆಲೆಯ 4ಕೆ ಟಿವಿಗಳಲ್ಲಿ ಮಾತ್ರ ಮುಖಗಳು ಮೇಣ ಬಳಿದಂತೆ ನುಣುಪಾಗಿ, ಅಕ್ಷರಗಳ ಅಂಚು ಕದಡಿದಂತೆ ಕಾಣುವುದುಂಟು. ಕನ್ನಡದ ಪ್ರಮುಖ ಮನರಂಜನಾ ವಾಹಿನಿಗಳಿಗೆ ಎಚ್‌ಡಿ ಆವೃತ್ತಿಗಳಿವೆ, ಕ್ರಿಕೆಟ್ ಕೂಡ ಎಚ್‌ಡಿಯಲ್ಲಿ ಸಿಗುತ್ತದೆ. ಅವೆಲ್ಲ 1,920 × 1,080 ಅಳತೆಯವು, ಫುಲ್ ಎಚ್‌ಡಿ ಪರದೆಗೆ ಚುಕ್ಕೆಗೆ ಚುಕ್ಕೆ ಹೊಂದುತ್ತವೆ. ದಿನನಿತ್ಯ ನೋಡುವ ಕನ್ನಡ ವಾಹಿನಿಗಳಲ್ಲಿ 4ಕೆಯಲ್ಲಿ ಪ್ರಸಾರವಾಗುವುದು ಒಂದೂ ಇಲ್ಲ.

ಆದ್ದರಿಂದ ಆ ಆರು ಸಾವಿರದಲ್ಲಿ ಒಂದು ಭಾಗವನ್ನು ಎಚ್‌ಡಿ ಸೆಟ್‌ಟಾಪ್ ಬಾಕ್ಸ್‌ಗೆ ಮತ್ತು ತಾವು ನಿತ್ಯ ನೋಡುವ ನಾಲ್ಕೈದು ವಾಹಿನಿಗಳ ಎಚ್‌ಡಿ ಆವೃತ್ತಿಗೆ ಖರ್ಚು ಮಾಡಿದರೆ ಸಿಗುವ ಸ್ಪಷ್ಟತೆಯು 4ಕೆ ಪರದೆಯಿಂದ ಸಿಗುವುದಕ್ಕಿಂತ ಎಷ್ಟೋ ಹೆಚ್ಚು. ಬಾಕ್ಸ್‌ನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್ಲನ್ನೇ ಹಾಕಿಸಿರಿ. ಹಳದಿ, ಕೆಂಪು, ಬಿಳಿ ಬಣ್ಣದ ಮೂರು ಪಿನ್ನಿನ ಹಳೆಯ ಕೇಬಲ್ ಹಾಕಿದರೆ ಎಚ್‌ಡಿ ವಾಹಿನಿಗೆ ಹಣ ಕಟ್ಟಿಯೂ ಸಾಮಾನ್ಯ ಚಿತ್ರವನ್ನೇ ನೋಡುತ್ತಿರಬೇಕಾಗುತ್ತದೆ, ಏಕೆಂದರೆ ಆ ಕೇಬಲ್ ಎಚ್‌ಡಿಯನ್ನು ಒಯ್ಯಲಾರದು. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಇಂದಿಗೂ ಹೀಗೆಯೇ ಇದೆ. ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ 1080 ಎಂದು ಇದೆಯೇ ಎಂಬುದನ್ನೂ ಅಳವಡಿಸಲು ಬಂದವರಿಂದಲೇ ನೋಡಿಸಿಕೊಳ್ಳಿರಿ.

ತಮ್ಮ ಪತ್ನಿಯವರ ತೊಂದರೆಗೆ ರೆಸಲ್ಯೂಷನ್ (ಪರದೆಯ ಚುಕ್ಕೆಗಳ ಸಂಖ್ಯೆ) ಪರಿಹಾರವಲ್ಲ. ಅಕ್ಷರ ಓದಲು ಕಷ್ಟವಾದರೆ ಅಕ್ಷರದ ಗಾತ್ರ ಹೆಚ್ಚಾಗಬೇಕು. 4ಕೆ ಪರದೆಯಲ್ಲಿಯೂ ಓಡುವ ಸುದ್ದಿಯ ಸಾಲು ಅಷ್ಟೇ ಎತ್ತರವಿರುತ್ತದೆ. ಅವರ ಕುರ್ಚಿಯನ್ನು ಒಂಬತ್ತು ಅಡಿಯಿಂದ ಆರು ಅಡಿಗೆ ತಂದರೆ ಅದೇ ಅಕ್ಷರ ಕಣ್ಣಿಗೆ ಒಂದೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ, ಅದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ. ಹತ್ತಿರ ಕೂತರೆ ಕಣ್ಣು ಹಾಳಾಗುತ್ತದೆ ಎಂಬ ಭಯವಿದ್ದರೆ ಅದನ್ನು ಬಿಟ್ಟುಬಿಡಬಹುದು. ಆರು ಅಡಿಯಿಂದ ಟಿವಿ ನೋಡುವುದರಿಂದ ಕಣ್ಣಿಗೆ ಹಾನಿಯಿಲ್ಲ. ದೂರಕ್ಕೆ ಕೊಟ್ಟ ಕನ್ನಡಕ ಆ ಅಂತರಕ್ಕೆ ಸರಿಹೊಂದುತ್ತದೆಯೇ ಎಂದು ನೇತ್ರವೈದ್ಯರನ್ನು ಕೇಳಿರಿ.

ಈಗ ಹಳೆಯ ಮಾದರಿಯ ಪರೀಕ್ಷೆ. ಕಡಿಮೆ ರೆಸಲ್ಯೂಷನ್‌ಗಿಂತ ಹೆಚ್ಚಾಗಿ ನೋಡಬೇಕಾದದ್ದು ಅದರ ಉಳಿದ ಭಾಗಗಳನ್ನು. ಪೆಟ್ಟಿಗೆಯ ಮೇಲೆ ತಯಾರಾದ ತಿಂಗಳು, ವರ್ಷ ಮುದ್ರಿತವಾಗಿರುತ್ತದೆ, ಅದನ್ನು ಓದಿರಿ. ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟು ದಿನವಿಡೀ ಉರಿಸಿದ ಟಿವಿಯನ್ನು ರಿಯಾಯಿತಿ ಎಷ್ಟೇ ಇರಲಿ ತರಬೇಡಿರಿ; ಹಿಂಬದಿಯ ಎಲ್‌ಇಡಿ ದೀಪಗಳ ಆಯುಷ್ಯ ಅಷ್ಟರಮಟ್ಟಿಗೆ ಸವೆದಿರುತ್ತದೆ. ವಾರಂಟಿ ಬಿಲ್ಲಿನ ದಿನಾಂಕದಿಂದ ಆರಂಭವಾಗುತ್ತದೆ ಎಂದು ಬರಹದಲ್ಲಿ ಪಡೆಯಿರಿ. ಪಡಸಾಲೆಯಲ್ಲಿ ಮನೆಮಂದಿ ಎಲ್ಲರೂ ನೇರ ಎದುರಿಗೆ ಕೂರುವುದಿಲ್ಲ, ಕೆಲವರು ಬಾಗಿಲ ಬದಿಗೆ, ಕೆಲವರು ನೆಲದ ಮೇಲೆ ಕೂರುತ್ತಾರೆ. ಪರದೆಗಳಲ್ಲಿ ಐಪಿಎಸ್, ವಿಎ ಎಂಬ ಬಗೆಗಳಿವೆ. ಐಪಿಎಸ್ ಪರದೆಯಾದರೆ ಬದಿಯಿಂದ ನೋಡಿದರೂ ಬಣ್ಣ ಮಾಸುವುದಿಲ್ಲ, ವಿಎ ಪರದೆಯಾದರೆ ಕತ್ತಲೆಯಲ್ಲಿ ಕಪ್ಪು ಬಣ್ಣ ಆಳವಾಗಿ ಕಂಡರೂ ಬದಿಯಿಂದ ಬಣ್ಣ ತೆಳುವಾಗುತ್ತದೆ. ಅಂಗಡಿಯಲ್ಲಿ ಒಂದು ಬದಿಗೆ ಸರಿದು ನಿಂತು ನೋಡಿದರೆ ಇದು ತಿಳಿಯುತ್ತದೆ. ನಮ್ಮ ಬಿಸಿಲುನಾಡಿನ ಮನೆಗಳಲ್ಲಿ ಹಗಲು ಬಾಗಿಲು ತೆರೆದಿಟ್ಟಾಗ ಪರದೆಯ ಹೊಳಪು ಕಡಿಮೆಯಾದರೆ ಚಿತ್ರವೇ ಕಾಣದು, ಆದ್ದರಿಂದ ಹೊಳಪೂ ಮುಖ್ಯ.

ಅಂಗಡಿಯ ಗೋಡೆಯ ಮೇಲಿನ ಚಿತ್ರವನ್ನು ನಂಬಿ ತೀರ್ಮಾನಿಸಬೇಡಿರಿ. ಅಲ್ಲಿ ಓಡುವುದು 4ಕೆಯಲ್ಲಿಯೇ ಚಿತ್ರಿಸಿದ ಹೂವು, ಹಕ್ಕಿ, ಜಲಪಾತಗಳ ವಿಡಿಯೋ. ಬಣ್ಣವನ್ನು ‘ವಿವಿಡ್’ ಎಂಬ ಗಾಢ ಸ್ಥಿತಿಗೆ ಏರಿಸಿರುತ್ತಾರೆ. ನಾವು ನಿಲ್ಲುವುದೂ ಮೂರು ಅಡಿ ದೂರದಲ್ಲಿ. ಎರಡೂ ಟಿವಿಗಳಿಗೆ ಡಿಟಿಎಚ್ ಜೋಡಿಸಿ ಒಂದು ಸಾಮಾನ್ಯ ಕನ್ನಡ ಸುದ್ದಿ ವಾಹಿನಿಯನ್ನು ಹಾಕಿಸಿ, ಒಂಬತ್ತು ಅಡಿ ಹಿಂದೆ ಸರಿದು ನೋಡುತ್ತೇನೆ ಎಂದು ತಾವು ಹೇಳಬೇಕು. ಸಾವಿರಾರು ರೂಪಾಯಿ ಕೊಡುವ ಗ್ರಾಹಕನಿಗೆ ಹೀಗೆ ಕೇಳುವ ಹಕ್ಕು ಪೂರ್ತಿ ಇದೆ.

‘ಬೇಗನೆ ಹಳೆಯದಾಗುತ್ತದೆ’ ಎಂಬ ಮಾತಿನಲ್ಲಿ ಒಂದು ಸತ್ಯವಿದೆ, ಆದರೆ ಅದು ಪರದೆಗೆ ಸಂಬಂಧಿಸಿದ್ದಲ್ಲ. ಮೊದಲು ಹಳತಾಗುವುದು ಸ್ಮಾರ್ಟ್ ಟಿವಿಯೊಳಗಿನ ಸಾಫ್ಟ್‌ವೇರ್. ಕಡಿಮೆ ರ‍್ಯಾಮ್ (ಆ್ಯಪ್‌ಗಳನ್ನು ನಡೆಸುವ ಮೆಮೊರಿ) ಇರುವ ಟಿವಿಗಳಲ್ಲಿ ಕೆಲವು ವರ್ಷಗಳಾದ ಮೇಲೆ ಆ್ಯಪ್‌ಗಳು ತೆರೆಯಲು ತಡವಾಗುತ್ತದೆ, ಕೆಲವು ನಿಂತೇ ಹೋಗುತ್ತವೆ. ಇದು 4ಕೆ ಟಿವಿಗೂ ತಪ್ಪಿದ್ದಲ್ಲ. ಹಾಗಾದಾಗ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ ಒಂದು ಸ್ಟ್ರೀಮಿಂಗ್ ಸ್ಟಿಕ್ ತಂದರೆ ಟಿವಿಯ ಸ್ಮಾರ್ಟ್ ಭಾಗ ಹೊಸದಾದಂತೆಯೇ. ಡಿಟಿಎಚ್ ನೋಡಲು ಆ ಸಾಫ್ಟ್‌ವೇರ್‌ನ ಅವಶ್ಯಕತೆಯೇ ಇಲ್ಲ.

ಬೆಲೆಯ ಬಗ್ಗೆಯೂ ಒಂದು ಮಾತು. 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಗಿದೆ. ತೆರಿಗೆಯಿಲ್ಲದ ಬೆಲೆ 20,000 ರೂಪಾಯಿ ಇರುವ ಟಿವಿಗೆ ಮೊದಲು 25,600 ಆಗುತ್ತಿದ್ದುದು ಈಗ 23,600 ಆಗುತ್ತದೆ. ಹಳೆಯ ದಾಸ್ತಾನಿನ ಪೆಟ್ಟಿಗೆಯ ಮೇಲೆ ಹಳೆಯ ತೆರಿಗೆಯ ಬೆಲೆಯೇ ಮುದ್ರಿತವಾಗಿರಬಹುದು. ಅದರ ಮುಂದೆ ತೋರಿಸುವ ರಿಯಾಯಿತಿಯಲ್ಲಿ ತೆರಿಗೆ ಇಳಿಕೆಯ ಪಾಲೆಷ್ಟು, ನಿಜವಾದ ರಿಯಾಯಿತಿ ಎಷ್ಟು ಎಂಬುದನ್ನು ಬಿಡಿಸಿ ಕೇಳಿರಿ. ಹಾಗೆ ಬಿಡಿಸಿದ ಮೇಲೆ ಎರಡು ಟಿವಿಗಳ ಅಂತರ ಎರಡು ಸಾವಿರಕ್ಕಿಂತ ಕಡಿಮೆಯಾದರೆ, ಮತ್ತು 4ಕೆ ಮಾದರಿಯ ರ‍್ಯಾಮ್, ಹೊಳಪು, ವಾರಂಟಿ ಉತ್ತಮವಾಗಿದ್ದರೆ, ಆಗ 4ಕೆಯನ್ನೇ ಕೊಳ್ಳಿರಿ. ಆಗ ತಾವು ಹಣ ಕೊಡುತ್ತಿರುವುದು ಚುಕ್ಕೆಗಳಿಗಲ್ಲ, ಆ ಉಳಿದ ಗುಣಗಳಿಗೆ.

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿದ್ದೇವೆ. ಆರು ವರ್ಷದ 40 ಇಂಚಿನ ಫುಲ್ ಎಚ್‌ಡಿ ಟಿವಿ ಚೆನ್ನಾಗಿಯೇ ನಡೆಯುತ್ತಿದೆ, ಆ್ಯಪ್‌ಗಳು ಮಾತ್ರ ನಿಧಾನ. ಮಗ 55 ಇಂಚಿನ 4ಕೆ ಟಿವಿ ತರೋಣ ಎನ್ನುತ್ತಾನೆ. ಏಳು ಅಡಿ ದೂರ ಕೂರುತ್ತೇವೆ, ಒಟಿಟಿ ಹೆಚ್ಚು ನೋಡುತ್ತೇವೆ. ಬದಲಾಯಿಸಬೇಕೇ?

ಉತ್ತರ: ಆ್ಯಪ್‌ಗಳ ನಿಧಾನವೊಂದೇ ಕಾರಣವಾದರೆ ಸ್ಟ್ರೀಮಿಂಗ್ ಸ್ಟಿಕ್ ಸಾಕು, ಟಿವಿ ಬದಲಾಯಿಸುವ ಅವಶ್ಯಕತೆಯಿಲ್ಲ. ದೊಡ್ಡ ಪರದೆಯೇ ಬೇಕೆಂಬ ಆಸೆಯಿದ್ದರೆ ಮಾತ್ರ ಮಗನ ಮಾತು ಸರಿ. 55 ಇಂಚಿನ ಪರದೆಯಲ್ಲಿ ಫುಲ್ ಎಚ್‌ಡಿಯ ಚುಕ್ಕೆಗಳು ಸುಮಾರು ಏಳು ಅಡಿಯವರೆಗೆ ಕಣ್ಣಿಗೆ ಬೀಳುತ್ತವೆ, ತಾವು ಕೂರುವುದು ಸರಿಯಾಗಿ ಆ ಗಡಿಯಲ್ಲಿ. ಆ ಗಾತ್ರದಲ್ಲಿ ಈಗ ಅಂಗಡಿಗಳಲ್ಲಿ ಸಿಗುವುದೂ ಬಹುತೇಕ 4ಕೆ ಟಿವಿಗಳೇ.

ಆದರೆ ಟಿವಿ 4ಕೆ ಆದ ಮಾತ್ರಕ್ಕೆ ಚಿತ್ರ 4ಕೆ ಆಗುವುದಿಲ್ಲ. ಉದಾಹರಣೆಗೆ ನೆಟ್‌ಫ್ಲಿಕ್ಸ್ 4ಕೆ ಚಿತ್ರವನ್ನು ಕೊಡುವುದು ಅದರ ಅತಿ ದುಬಾರಿ ಪ್ಲಾನ್‌ನಲ್ಲಿ ಮಾತ್ರ. ಅದಕ್ಕೆ ಸೆಕೆಂಡಿಗೆ 15 ಮೆಗಾಬಿಟ್ ವೇಗ ಬೇಕೆಂದು ಆ ಕಂಪನಿಯೇ ಹೇಳುತ್ತದೆ, ಫುಲ್ ಎಚ್‌ಡಿಗೆ ಐದು ಸಾಕು. ಒಂದು ಗಂಟೆಯ 4ಕೆ ಚಿತ್ರಕ್ಕೆ ಸುಮಾರು ಏಳು ಜಿಬಿ ಡೇಟಾ ಖರ್ಚಾಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನ ಮೇಲೆ ನಡೆಸುವುದಾದರೆ ದಿನದ ಮಿತಿ ಅರ್ಧ ಗಂಟೆಯಲ್ಲಿ ಮುಗಿಯಬಹುದು. ಪೆಟ್ಟಿಗೆಯ ಮೇಲಿನ ‘ಎಚ್‌ಡಿಆರ್’ ಎಂಬ ಮುದ್ರೆಗೂ ಹೆಚ್ಚು ಬೆಲೆ ಕೊಡಬೇಡಿರಿ; ಚಿತ್ರದ ಬೆಳಕು, ಕತ್ತಲೆಗಳ ಅಂತರವನ್ನು ಹೆಚ್ಚಾಗಿ ತೋರಿಸುವ ವಿಧಾನ ಅದು. ಎಚ್‌ಡಿಆರ್ ಚಿತ್ರಗಳನ್ನು ಸಾಮಾನ್ಯವಾಗಿ 1,000 ನಿಟ್ಸ್ ಹೊಳಪಿಗೆ ಸಿದ್ಧಪಡಿಸುತ್ತಾರೆ, ಕಡಿಮೆ ಬೆಲೆಯ ಟಿವಿಗಳ ಹೊಳಪು ಹೆಚ್ಚಾಗಿ 250ರಿಂದ 300 ನಿಟ್ಸ್ ಇರುತ್ತದೆ. ಅವು ಆ ಸಂಕೇತವನ್ನು ಸ್ವೀಕರಿಸುತ್ತವೆ, ತೋರಿಸಲಾರವು.

ವಿದ್ಯುತ್ ಖರ್ಚನ್ನೂ ನೋಡಿರಿ. ಹೊಸ ಟಿವಿ ಹಳೆಯದಕ್ಕಿಂತ 50 ವ್ಯಾಟ್ ಹೆಚ್ಚು ಎಳೆದರೆ, ದಿನಕ್ಕೆ ಆರು ಗಂಟೆಯಂತೆ ತಿಂಗಳಿಗೆ ಒಂಬತ್ತು ಯೂನಿಟ್ ಹೆಚ್ಚಾಗುತ್ತದೆ. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೆ ಹಿಂದಿನ ಸರಾಸರಿ ಬಳಕೆಯ ಮೇಲೆ ಮಿತಿ ನಿಗದಿಯಾಗಿರುವುದರಿಂದ, ಆ ಮಿತಿಯ ಅಂಚಿನಲ್ಲಿರುವ ಮನೆಗಳಿಗೆ ಹೆಸ್ಕಾಂ ಬಿಲ್ಲಿನಲ್ಲಿ ಇದು ಎದ್ದು ಕಾಣುತ್ತದೆ. ಟಿವಿಯ ಮೇಲಿನ ನಕ್ಷತ್ರಗಳ ಪಟ್ಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ, ಕೊಳ್ಳುವ ಮೊದಲು ಅದನ್ನು ಓದಿರಿ.

ಪ್ರಶ್ನೆ: ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಹಳ್ಳಿಯವರು ನಾವು. ಡಿಡಿ ಫ್ರೀ ಡಿಶ್ ಬಿಟ್ಟರೆ ಬೇರೇನೂ ಇಲ್ಲ. 32 ಇಂಚಿನಲ್ಲಿ ಎಚ್‌ಡಿ ರೆಡಿ ಕೊಳ್ಳುವುದೋ, ಫುಲ್ ಎಚ್‌ಡಿಯೋ?

ಉತ್ತರ: ಎಚ್‌ಡಿ ರೆಡಿ ಸಾಕು. ಅದರ ಪರದೆ 1,366 × 768 ಅಳತೆಯದು. ಫ್ರೀ ಡಿಶ್‌ನಲ್ಲಿ ಬರುವ ಬಹುಪಾಲು ವಾಹಿನಿಗಳು ಅದಕ್ಕಿಂತ ಕಡಿಮೆ ಚುಕ್ಕೆಗಳ ಸಾಮಾನ್ಯ ವಾಹಿನಿಗಳು. ಆರು ಅಡಿಯಾಚೆ ಕೂತರೆ ಈ ಗಾತ್ರದಲ್ಲಿ ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ತಿಳಿಯದು. ಮಕ್ಕಳು ಕಂಪ್ಯೂಟರ್ ಜೋಡಿಸಿ ಹತ್ತಿರದಿಂದ ಓದುವುದಿದ್ದರೆ ಮಾತ್ರ ಫುಲ್ ಎಚ್‌ಡಿ ತೆಗೆದುಕೊಳ್ಳಿರಿ, ಏಕೆಂದರೆ ಎರಡು ಅಡಿಯಿಂದ ನೋಡುವಾಗ ಎಚ್‌ಡಿ ರೆಡಿಯ ಅಕ್ಷರ ಒಡೆದಂತೆ ಕಾಣುತ್ತದೆ. ತಮ್ಮ ಕಡೆ ಮಳೆ, ಗುಡುಗು ಹೆಚ್ಚು. ಉಳಿಯುವ ಹಣದಲ್ಲಿ ಒಂದು ಒಳ್ಳೆಯ ಸ್ಟೆಬಿಲೈಜರ್ ತಂದಿಡಿರಿ. ಆದರೆ ಸಿಡಿಲನ್ನು ಅದು ತಡೆಯಲಾರದು, ಆದ್ದರಿಂದ ಗುಡುಗು ಹತ್ತಿರವಾಗುವ ಮೊದಲೇ ಟಿವಿಯ ಪ್ಲಗ್ಗಿನ ಜೊತೆಗೆ ಡಿಶ್‌ನಿಂದ ಬಾಕ್ಸ್‌ಗೆ ಬರುವ ಕೇಬಲ್ಲನ್ನೂ ಕಳಚಿಡಿರಿ. ಪ್ಲಗ್ ಮಾತ್ರ ತೆಗೆದರೆ ಸಾಲದು, ಛಾವಣಿಯ ಮೇಲಿನ ಡಿಶ್‌ನ ತಂತಿಯಿಂದಲೂ ಸಿಡಿಲಿನ ವಿದ್ಯುತ್ ಒಳಗೆ ಬರುತ್ತದೆ.