ಕ್ಯಾಂಪರಿನ ಗ್ವಾಡಿ ಮೆತ್ತಗಾದ್ರ ಮೊದಲ ಹೊರಗ ನೋಡು

ತಮ್ಮಾ, ಹುಬ್ಬಳ್ಳಿಯಿಂದ ಇಂಗ್ಲೆಂಡಿಗೆ ಬಂದು ಮೂರು ತಿಂಗಳಾತು, ರಜಾದಾಗ ಮಕ್ಕಳ್ನ ಕರಕೊಂಡು ತಿರಗಾಕ ಇಪ್ಪತ್ತು ವರ್ಷದ ಹಳೇ ಕ್ಯಾಂಪರ್ (ಒಳಗ ಮಲಗಾಕ, ಅಡಗಿ ಮಾಡಾಕ ಜಾಗಾ ಇರೋ ಗಾಡಿ) ತಗೊಂಡೀನಿ, ಕಿಡಕಿ ಕೆಳಗ ಗ್ವಾಡಿ ಒತ್ತಿದ್ರ ಬೆರಳು ಒಳಗ ಹೋಗ್ತೈತಿ, ಇಲ್ಲೆ ಇದನ್ನ ಯಾರ ಕಡೆ ಮಾಡಸೋದು ಅಂತ ಕೇಳೀದಿ. ಊರಾಗಾದ್ರ ಬಡಿಗ್ಯಾರನ್ನ ಕರದು ತೋರಿಸಿದ್ರ ಮುಗೀತಿತ್ತು. ಇಲ್ಲೆ ಕೂಲಿ ತಾಸಿನ ಲೆಕ್ಕ, ಮತ್ತ ಈ ಕೆಲಸದಾಗ ಸಾಮಾನು ಕಡಿಮಿ, ತಾಸು ಭಾಳ. ಅದಕ್ಕ ಹಳೇ ಗಾಡಿ ಇಟ್ಟವರು ಭಾಳ ಮಂದಿ ತಾವ ಮಾಡ್ಕೋತಾರ. ನಿನಗೂ ಆಗೋ ಕೆಲಸ ಇದು.

ಅಂಥಾ ಹಳೇ ಗಾಡಿಯ ಗ್ವಾಡಿ ಹೆಚ್ಚಾಗಿ ಹಿಂಗಿರ್ತೈತಿ: ಹೊರಗ ತೆಳ್ಳನ ಅಲ್ಯೂಮಿನಿಯಂ ತಗಡು, ನಡುವ ಸುಮಾರು 25 ಮಿ.ಮೀ. ದಪ್ಪದ ಕಟಗಿ ರೀಪು, ರೀಪಿನ ಸಂದಿನ್ಯಾಗ ಥರ್ಮಾಕೋಲ್, ಒಳಗ 3 ಮಿ.ಮೀ. ಪ್ಲೈವುಡ್. ಒಮ್ಮೆ ನೀರು ಹೊಕ್ಕಿತಂದ್ರ ಆರಾಕ ದಾರಿ ಇಲ್ಲ, ರೀಪು ಅಲ್ಲೇ ಕೊಳೀತೈತಿ. ನೀರು ಬರೋದು ಕಿಡಕಿಯಿಂದನ ಅಂತ ತಿಳೀಬ್ಯಾಡ. ಗದಗಿನ ಕಡೆ ಮಣ್ಣಿನ ಮಾಳಗಿ ಸೋರಿದಂಗ, ತೂತು ಒಂದ ಕಡೆ, ಹನಿ ಇನ್ನೊಂದ ಕಡೆ. ಚಾವಣಿ ಮತ್ತ ಗ್ವಾಡಿ ಕೂಡೋ ಮೂಲಿ ಪಟ್ಟಿ, ಚಾವಣಿ ಕಿಡಕಿ, ಹಿಂದಿನ ದೀಪದ ಸುತ್ತ ನೀರು ತಡ್ಯಾಕ ಹಚ್ಚಿದ ಮೇಣ (ಸೀಲಂಟ್) ವರ್ಷ ಹೋದಂಗ ಒಣಗಿ ಬಿರೀತೈತಿ. ಇದನ್ನ ಬಿಟ್ಟು ಒಳಗಿನ ಪ್ಲೈ ಅಷ್ಟ ಬದಲಿ ಮಾಡಿದ್ರ ಮುಂದಿನ ಚಳಿಗಾಲಕ್ಕ ಅದೂ ಕೊಳೀತೈತಿ.

ಎರಡು ಸೂಜಿ ಇರೋ ತೇವ ಅಳಿಯೋ ಮೀಟರ್ ತಗೊಂಡು ಒಂದೊಂದು ಅಡಿಗೆ ಚುಚ್ಚಿ ನೋಡಿ, ಅಂಕಿ ಬರಕೋ. 15 ಪರ್ಸೆಂಟ್ ಒಳಗಿದ್ರ ಚಿಂತಿಲ್ಲ. 20 ದಾಟಿದ್ರ ನೀರು ಬರಾಕತ್ತೈತಿ. 30ರ ಮ್ಯಾಲಿದ್ರ ಕಟಗಿ ಹೋಗಿರೋ ಸಾಧ್ಯತಾ ಭಾಳ. ಸೂಜಿ ಸ್ಕ್ರೂಗೆ ತಾಗಿದ್ರ ಸುಳ್ಳು ಅಂಕಿ ತೋರಸ್ತೈತಿ, ಬಾಜೂಕ ಸರಿಸಿ ಮತ್ತ ನೋಡು.

ಬಿಚ್ಚೋಕಿಂತ ಮೊದಲ 230 ವೋಲ್ಟಿನ ಕೇಬಲ್, ಬ್ಯಾಟರಿ, ಗ್ಯಾಸ್ ಮೂರೂ ಬಂದ್ ಮಾಡು. ಗ್ವಾಡಿ ಒಳಗ ವಾಯರ್ ಇರ್ತಾವ. ಕರೀ ಬೂಸು ಇದ್ರ ಸಣ್ಣ ಧೂಳೂ ತಡಿಯೋ ಎಫ್‌ಎಫ್‌ಪಿ3 ಮಾಸ್ಕ್ ಹಾಕ್ಕೋ. ಒಳಗಿನ ಪ್ಲೈ ಕತ್ತರಿಸೋವಾಗ ಬ್ಲೇಡು 3 ಮಿ.ಮೀ.ಗಿಂತ ಆಳ ಇಳೀಬಾರದು. ಒಣಾ ಕಟಗಿ ಸಿಕ್ಕ ಮ್ಯಾಲೂ ಒಂದು ಗೇಣು ಮುಂದ ಕತ್ತರಿಸು. ಸ್ಕ್ರೂಡ್ರೈವರ್ ಚುಚ್ಚಿದ್ರ ಪುಡಿ ಉದುರೋ ರೀಪನ್ನ ತಗೀಲೇಬೇಕು, ಗಟ್ಟಿ ಮಾಡೋ ದ್ರಾವಣ ಹಾಕಿ ಉಳಸಾಕ ನೋಡಬ್ಯಾಡ. ಆದ್ರ ಎಲ್ಲಾ ಒಮ್ಮೆಲೆ ತಗದ್ರ ತಗಡು ಆಕಾರ ಬಿಡ್ತೈತಿ. ಒಂದು ತಗಿ, ಒಂದು ಹಾಕು. ತಗಡಿನ ಮ್ಯಾಲ ಬಿಳೀ ಪುಡಿ ಕಂಡ್ರ ಅದು ಸವದೈತಿ ಅಂತ ಅರ್ಥ. ರಾತ್ರಿ ಹೊರಗಿಂದ ಟಾರ್ಚ್ ಹಿಡಿ, ಸೂಜಿಯಷ್ಟು ತೂತಿದ್ರೂ ಒಳಗ ಬೆಳಕು ಕಾಣ್ತೈತಿ.

ಒಣಗಸೋದ್ರಾಗ ನಮ್ಮ ಮಂದಿ ತಪ್ಪು ಮಾಡ್ತಾರ. ಊರಾಗ ಬಿಸಲಿಗೆ ಬಾಗಲಾ ತಗದಿಟ್ರ ಒಣಗ್ತೈತಿ; ಇಲ್ಲೆ ಅಕ್ಟೋಬರದಿಂದ ಮಾರ್ಚ್ ತನಕ ಧಾರವಾಡದ ಶ್ರಾವಣದ ಜಿಟಿಜಿಟಿ ಹವಾನ. ತೇವ ಹೀರೋ ಮಷಿನ್ ಹಚ್ಚಿದಾಗ ಕಿಡಕಿ ಬಂದ್ ಇರಬೇಕು, ಇಲ್ಲಂದ್ರ ಅದು ಹೊರಗಿನ ತೇವ ಹೀರ್ಕೋತ ಕೂಡ್ತೈತಿ. ಚಳಿಯೊಳಗ ಕಂಪ್ರೆಸರ್ ಮಷಿನ್ ಕೆಲಸ ಕಡಿಮಿ, ತೇವ ಹೀರೋ ಪುಡಿಯಿಂದ ನಡಿಯೋ ಡೆಸಿಕಂಟ್ ಅನ್ನೋದು ಛಲೋ. ಮೀಟರ್ 15ಕ್ಕ ಇಳಿಯೋತನಕ ಮುಚ್ಚಬ್ಯಾಡ, ಎರಡು ವಾರ ಹಿಡದ್ರೂ ಸೈ.

ಅಷ್ಟರಾಗ ಹೊರಗಿನ ಪಟ್ಟಿ ಬಿಚ್ಚು. ಹಳೇ ಮೇಣ ಪ್ಲಾಸ್ಟಿಕ್ ಪಟ್ಟಿಯಿಂದ ಕೆರದು, ವೈಟ್ ಸ್ಪಿರಿಟ್ (ಪೇಂಟ್ ತೆಳು ಮಾಡೋ ಎಣ್ಣಿ) ಹಚ್ಚಿ ಒರಸು. ಹಿಂದಿನವರು ಸಿಲಿಕಾನ್ ಬಡದಿದ್ರ ಒಂದ ಚೂರೂ ಉಳೀಬಾರದು, ಅದರ ಮ್ಯಾಲ ಏನೂ ಅಂಟೂದಿಲ್ಲ. ಹೊಸದಾಗಿ 25 ಮಿ.ಮೀ. ಅಗಲದ ಬ್ಯೂಟೈಲ್ ಟೇಪ್ (ಮೆತ್ತನ ರಬ್ಬರಿನ ಅಂಟು ಪಟ್ಟಿ), ಸ್ಟೇನ್‌ಲೆಸ್ ಸ್ಕ್ರೂ. ಬಿಗಿ ಮಾಡಿ ಒಂದು ದಿನ ಬಿಡು, ಮತ್ತೊಮ್ಮೆ ಬಿಗಿ ಮಾಡು, ಹೊರಗ ಉಕ್ಕಿದ್ದನ್ನ ಕತ್ತರಿಸು. ಆಮ್ಯಾಲೆ ಪೈಪಿನಿಂದ ಕೆಳಗಿಂದ ಮ್ಯಾಲಕ್ಕ ಹತ್ತತ್ತು ಮಿನಿಟು ನೀರು ಬಿಟ್ಟು ಒಳಗೊಬ್ಬರನ್ನ ನಿಲ್ಲಿಸು. ಮ್ಯಾಲಿಂದ ಶುರು ಮಾಡಿದ್ರ ಎಲ್ಲಾ ಒಮ್ಮೆಲೆ ತೊಯ್ದು ಸೋರಿದ ಜಾಗಾ ಗೊತ್ತಾಗೂದಿಲ್ಲ.

ಹೊಸ ರೀಪಿಗೆ ಪಾಲಿಯುರಿಥೇನ್ ಅಂಟು. ಅದು ಒಣಗೋವಾಗ ಉಬ್ಬತೈತಿ. ಎದುರು ಗ್ವಾಡಿಯಿಂದ ಹಲಗಿ ಆಸರಾ ಕೊಟ್ಟು ಒತ್ತಿ ಹಿಡಿ. ಊರಾಗ ಸನ್ಮೈಕಾಕ್ಕ ಹಚ್ಚೋ ಅಂಥಾ ಘಾಟು ವಾಸನಿ ಅಂಟು ಬ್ಯಾಡ, ಥರ್ಮಾಕೋಲನ್ನ ಕರಗಸ್ತೈತಿ. ಸಂದಿಗೆ ಸ್ಪ್ರೇ ಫೋಮೂ ಬ್ಯಾಡ, ಉಬ್ಬಿ ತಗಡನ್ನ ಹೊರಗ ನೂಕ್ತೈತಿ. ಪ್ಲೈ ಜೋಡು ಕಪಾಟಿನ ಹಿಂದ ಬರೋಹಂಗ ಅಳತಿ ತಗೋ.

ಈ ಕೆಲಸಕ್ಕ ಮೇ ತಿಂಗಳಿಂದ ಸೆಪ್ಟೆಂಬರ್ ಹದಾ. ಗ್ವಾಡಿ ಜೋಡಿ ನೆಲದ ಅಂಚೂ ಮೆತ್ತಗಿದ್ರ ಮಾತ್ರ ಕೈ ಹಾಕೋಕಿಂತ ಮೊದಲ ಒಂದು ಖರ್ಚಿನ ಅಂದಾಜು ಪಟ್ಟಿ ತಗೋ, ಗಾಡಿ ಮಾರೋದು ಛಲೋ ಆಗಬಹುದು.

ಎಂಓಟಿ ಅನ್ನೋ ಇಲ್ಲಿನ ಗಾಡಿ ತಪಾಸಣಿ ಪಾಸಾಗೇತಿ ಅಂತ ಮಾರಿದವ ಹೇಳಿದ್ನಂತಲ್ಲ, ಆ ತಪಾಸಣಿ ಗಾಡಿ ರಸ್ತೆ ಮ್ಯಾಲ ಓಡಾಕ ಯೋಗ್ಯ ಐತೋ ಇಲ್ಲೋ ಅನ್ನೋದಕ್ಕ. ಒಳಗಿನ ಗ್ವಾಡಿಯ ತೇವ ಅದರಾಗ ಬರೂದಿಲ್ಲ. ನಮ್ಮ ಇಂಡಿಯಾ ಲೈಸೆನ್ಸ್ ಇಲ್ಲೆ ವಾಸ ಶುರುವಾದ ಮ್ಯಾಲ 12 ತಿಂಗಳಷ್ಟ ನಡೀತೈತಿ, ನಿನಗ ಮೂರು ಆಗ್ಲೇ ಹೋದ್ವು. ಗ್ವಾಡಿ ಒಣಗೋದ್ರಾಗ ಇಲ್ಲಿನ ಲೈಸೆನ್ಸಿನ ಅರ್ಜಿ ಹಾಕಿಬಿಡು.